ಕೋಣ ಎರಡು, ಬಂಡಿ ಒಂದು

ಪೈಪಿಗೆಂದು ಅಗೆದ ಗುಂಡಿಯಲ್ಲಿ ಕಲ್ಲು ಸಿಕ್ಕಿತು,
ಹಾಲಿನ ಡೇರಿಗೂ ಅಂಗನವಾಡಿಗೂ ನಡುವೆ,
ಶಾಂತವೀರನ ಹೋಟೆಲಿನ ಮುಸುರೆನೀರು ಹರಿಯುವಲ್ಲಿ.
ಜೇಸಿಬಿಯ ಹಲ್ಲಿಗೆ ಠಣ್ಣೆಂದಿತು.
ಡ್ರೈವರ್ ಸೆಲ್ವಂ ಕೆಳಗಿಳಿದು, ಚಪ್ಪಲಿ ಬಿಟ್ಟು,
ಒಮ್ಮೆ ಕೈಮುಗಿದು ಬೀಡಿ ಹಚ್ಚಿದ.
ಕೆಲಸ ಅಲ್ಲಿಗೆ ನಿಂತಿತು.

ನಾನು ಈ ಊರಿನ ನೀರುಗಂಟಿ,
ಗಂಟೆಗೊಂದು ಬೀದಿಯಂತೆ ವಾಲ್ವು ತಿರುಗಿಸುವವನು.
ಮೇಗಲಕೇರಿಗೆ ಬಿಟ್ಟರೆ ಕೆಳಗಲಕೇರಿ ಬಯ್ಯುತ್ತದೆ,
ಕೆಳಗಲಕೇರಿಗೆ ಬಿಟ್ಟರೆ ಮೇಗಲಕೇರಿ.
ಬೈಗುಳ ಒಂದು ಮಾತ್ರ ನಮ್ಮಲ್ಲಿ
ಇಪ್ಪತ್ನಾಲ್ಕು ಗಂಟೆಯೂ ಸರಬರಾಜು.

ಊರು ಹಳೆಯದು. ಎಷ್ಟು ಹಳೆಯದೆಂದರೆ
ಹೊಸಮನೆಯವರ ಮನೆಗೇ ನೂರಿಪ್ಪತ್ತು ವರ್ಷ.
ಬಸ್‌ಸ್ಟ್ಯಾಂಡಿಗೆ ಒರಗಿದ ವೀರಗಲ್ಲಿನಲ್ಲಿ
ಒಬ್ಬ ಇನ್ನೂ ಹುಲಿಗೆ ಚುಚ್ಚುತ್ತಲೇ ಇದ್ದಾನೆ,
ಜಾವಗಲ್ಲಿನ ಬಸ್ಸು ಇನ್ನೂ ಬಂದಿಲ್ಲ.

ಗುಡಿಯ ಮುಂದೆ ನೀಲಿ ಫಲಕ:
ನೂರು ಮೀಟರಿನೊಳಗೆ ಏನನ್ನೂ ಕಟ್ಟುವಂತಿಲ್ಲ.
ಸಾಕಮ್ಮಜ್ಜಿಯ ಮನೆ ತೊಂಬತ್ತೆರಡನೆಯ ಮೀಟರಿನಲ್ಲಿ.
ಎಂಟು ಮೀಟರು ಆಚೆಗೆ ಸೊಸೆಯಾಗಿ ಬಂದಿದ್ದರೆ
ಅವಳಿಗೂ ಒಂದು ಪಾಯಿಖಾನೆ ಇರುತ್ತಿತ್ತು.
ನಸುಕಿನಲ್ಲಿ ಚೊಂಬು ಹಿಡಿದು ಹೋಗುವಾಗ
ಕಂಬದ ಮೇಲಿನ ಮದನಿಕೆಗೆ ಅನ್ನುತ್ತಾಳೆ:
‘ನಿನಗೇನು ಬಿಡವ್ವ, ಕನ್ನಡಿ ನೋಡ್ಕೊಂಡು ನಿಂತಿದೀಯ.’

ಹದಿನೇಳನೆಯ ದಿನ ಹಾಸನದಿಂದ ಬಂದರು
ಶಾಸನ ಓದುವ ಮೇಡಂ,
ಜೊತೆಗೆ ಇಬ್ಬರು ಹುಡುಗರು, ಕುಂಚ, ಮಸಿ, ದಪ್ಪ ಕಾಗದ.
ಕಲ್ಲು ತೊಳೆಯಲು ನೀರು ಬೇಕೆಂದರು.
ಊರಿಗೂರೇ ನನ್ನ ಮುಖ ನೋಡಿತು.
ಎರಡು ಕೊಡ ತಂದು ಸುರಿದವಳು ಅಬೀದಾ.
ಅವತ್ತು ಅವಳ ಮನೆಯಲ್ಲಿ ಇದ್ದದ್ದೇ ಮೂರು.

ಒದ್ದೆ ಕಾಗದ ಹೊದೆಸಿ
ಕೂಸಿನ ಬೆನ್ನು ತಟ್ಟುವ ಹಾಗೆ ತಟ್ಟಿ ತಟ್ಟಿ
ಮಸಿ ಒತ್ತಿದರು. ಬೆಳ್ಳಗೆ ಎದ್ದವು ಅಕ್ಷರ.
ನನಗೆ ರಾಗಿ ಚೆಲ್ಲಿದಂತೆ ಕಂಡದ್ದು
ಅವರ ಬಾಯಲ್ಲಿ ಮಾತಾಯಿತು.

ಮೊದಲ ಸಾಲೇ ಒಡೆದಿದೆ, ದೊರೆ ಯಾರೋ ತಿಳಿಯಲಿಲ್ಲ.
ಕೊಟ್ಟವಳ ಹೆಸರಿನಲ್ಲಿ ಉಳಿದದ್ದು ಕೊನೆಯ ‘ವ್ವೆ’ ಒಂದೇ.
ಮಾಚವ್ವೆಯೋ, ಕೇತವ್ವೆಯೋ, ಯಾವ ಅವ್ವನೋ,
ಕೆರೆ ಕಟ್ಟಿಸಿದಳಂತೆ.
ವರ್ಷವರ್ಷ ಹೂಳೆತ್ತಲು ಕೋಣ ಎರಡು, ಬಂಡಿ ಒಂದು,
ಬಂಡಿಯ ಕೀಲಿಗೆ ಎಣ್ಣೆ,
ತೂಬು ಕಾಯುವವನಿಗೆ ಹತ್ತು ಕೊಳಗ ಗದ್ದೆ,
ಆಚಂದ್ರಾರ್ಕ.
ಹಾಗಂದರೆ?
ಸೂರ್ಯಚಂದ್ರ ಇರುವ ತನಕ ಅಂದರು.

ಇನ್ನೊಂದ್ಸಲ ಓದಿ ಮೇಡಂ, ಅಂದೆ.
ಓದಿದರು.
ತಲೆಯೆತ್ತಿ ನೋಡಿದೆ, ಓವರ್‌ಹೆಡ್ ಟ್ಯಾಂಕಿನ ಹಿಂದೆ
ಸೂರ್ಯ ಇದ್ದ.
ನನ್ನ ಸಂಬಳ ನಿಂತು ಐದು ತಿಂಗಳು.
ಪೀಡಿಓ ನಕ್ಕರು: ಕೊಳಗಕ್ಕೆ ಕಂಪ್ಯೂಟರಿನಲ್ಲಿ ಕಾಲಂ ಇಲ್ಲ ಕಣಯ್ಯ.

ಕೊನೆಯ ಸಾಲು ಮಾತ್ರ ಸೊಟ್ಟಗಾಗದೆ ಉಳಿದಿತ್ತು:
ಈ ಧರ್ಮವನ್ನು ಅಳಿದವನು
ವಾರಣಾಸಿಯಲ್ಲಿ ಕವಿಲೆಯನ್ನು ಕೊಂದವನು.
ಕೆರೆ ಎಲ್ಲಿದೆ ಈಗ, ಅಂತ ಮೇಡಂ ಕೇಳಿದ್ದೇ ತಡ
ಅಂಗಳ ಒತ್ತಿಕೊಂಡ ನಾಲ್ಕು ಮನೆಯವರು
ಒಬ್ಬೊಬ್ಬರೇ ಎದ್ದರು,
ಹಸು ಕರೆಯೋ ಹೊತ್ತಾಯ್ತು ಅಂತ.

ನಾನು ತೋರಿಸಿದೆ. ಅದೇ, ಆಲೂಗೆಡ್ಡೆ ಹೊಲ,
ಅದರಾಚೆ ಗೋದಾಮು, ಆಮೇಲೆ ಹೈಸ್ಕೂಲು.
ಜೋರು ಮಳೆಗೆ ಎಂಟನೇ ಕ್ಲಾಸಿನ ಮಕ್ಕಳು
ಬೆಂಚಿನ ಮೇಲೆ ಕಾಲು ಮಡಚಿ ಕೂರುತ್ತಾರೆ.
ನೀರಿಗೆ ಯಾರೂ ಶಾಸನ ಓದಿ ಹೇಳಬೇಕಾಗಿಲ್ಲ.

ಆಮೇಲೆ ಏನಾಯ್ತು ಅಂದರೆ, ಹೆಚ್ಚೇನೂ ಇಲ್ಲ.
ಕಲ್ಲನ್ನು ಅಲ್ಲೇ ನಿಲ್ಲಿಸಿ
ಎರಡು ಎಲ್ಬೋ ಹಾಕಿ ಪೈಪನ್ನು ಬಳಸಿ ಒಯ್ದರು.
ಸಂಬಳ ಮೂರು ತಿಂಗಳದ್ದು ಬಂತು.
ಕೋಣದ ವಿಚಾರ ನಾನು ಎತ್ತಲಿಲ್ಲ.

ಬೆಳಗ್ಗೆ ಐದಕ್ಕೆ ವಾಲ್ವು ತಿರುಗಿಸಿದರೆ
ಎಲ್ಬೋದ ಸಂದಿಯಿಂದ ಸಣ್ಣಗೆ ನೀರು ಚಿಮ್ಮಿ
ಕಲ್ಲಿನ ಎದೆ ನೆನೆಯುತ್ತದೆ.
ಬಿಗಿ ಮಾಡೋ ಮಾರಾಯ, ಅನ್ನುತ್ತಾರೆ ಎಲ್ಲರೂ.
ಪಾನ ಜೇಬಿನಲ್ಲೇ ಇದೆ.
ಒಣಗಿದರೆ ಆ ‘ವ್ವೆ’ ಕಾಣುವುದಿಲ್ಲ.