ಕೊನೆಯ ವ್ಯಂಜನ

ಪುವಾ ಪಟ್ಟಣದಾಚೆ, ಲಾವೋಸ್ ಗಡಿಗೆ ಬೆನ್ನು ಹಾಕಿ ಕೂತ ಶಾಲೆ.
ಎಂಟಕ್ಕೆ ಬಾವುಟ, ಎಂಟೂಕಾಲಿಗೆ ಪ್ರಾರ್ಥನೆ,
ಎಂಟೂವರೆಗೆ ನಾನು:
ಲಿಗಾಯಾ, ಫಿಲಿಪ್ಪೀನ್ಸಿನ ಇಲೊಯಿಲೊದವಳು,
ನಲವತ್ತೊಂದು ವರ್ಷ, ಒಂದು ಪದವಿ, ಎರಡು ಸರ್ಟಿಫಿಕೇಟು,
ಮೊಣಕೈತನಕ ಸೀಮೆಸುಣ್ಣ.

ಗೇಟಿನ ಬ್ಯಾನರಿನಲ್ಲಿ ನಾನಿಲ್ಲ.
ಅಲ್ಲಿರುವುದು ಗ್ಯಾರೆತ್. ಜೋಳದ ಜುಟ್ಟಿನ ಬಣ್ಣದ ತಲೆ,
ಕೆಳಗೆ ದಪ್ಪಕ್ಷರ: ಹುಟ್ಟು ಇಂಗ್ಲಿಷಿನ ಮೇಷ್ಟರು.
ಎರಡು ಮಳೆಗಾಲದ ಹಿಂದೆ
ಸಮುದ್ರ ನೋಡಿ ಬರುತ್ತೇನೆಂದು ಹೋದ.
ದನಾಂಗಿನಿಂದ ಒಂದು ಸೆಲ್ಫಿ ಬಂತು, ಅಷ್ಟೆ.
ಅವನ ಮೂರು ತರಗತಿ ನನಗೆ ಬಂತು.
ಸಂಬಳ ಬರಲಿಲ್ಲ.
ಬ್ಯಾನರು ಬಿಸಿಲಿಗೆ ಬಿಳಿಚಿ
ಅವನೀಗ ಇನ್ನಷ್ಟು ಬೆಳ್ಳಗಾಗಿದ್ದಾನೆ.

ಪೋಷಕರ ಸಭೆಯ ದಿನ ಹೆಡ್‌ಮಾಸ್ತರರು ಕಿವಿಯಲ್ಲಿ ಹೇಳಿದರು:
ಕೇಳಿದರೆ ಹವಾಯಿ ಅನ್ನಿ.
ಯಾರೂ ಕೇಳಲಿಲ್ಲ. ಒಬ್ಬ ಅಜ್ಜಿ ಮಾತ್ರ
ನನ್ನ ಅಂಗೈ ತಿರುಗಿಸಿ ನೋಡಿ ಏನೋ ಅಂದಳು.
ಮೊಮ್ಮಗಳು ಪಾಕೂ ತಿಳಿಸಿದಳು:
ಇದು ನಾಟಿ ಮಾಡಿದ ಕೈ.

ತೊಂಬತ್ತು ದಿನಕ್ಕೊಮ್ಮೆ ಬಸ್ಸು ಹತ್ತಿ
ವಲಸೆ ಕಚೇರಿಯಲ್ಲಿ ಹೇಳಬೇಕು:
ಇಲ್ಲೇ ಇದ್ದೇನೆ, ಅದೇ ಕೋಣೆ, ಅದೇ ನಾನು.
ಗುಮಾಸ್ತೆ ತಲೆಯೆತ್ತದೆ ಠಸ್ಸೆ ಒತ್ತುತ್ತಾಳೆ.
ಆ ಸದ್ದು ನನಗಿಷ್ಟ.
ಈ ದೇಶದಲ್ಲಿ ನನ್ನ ಹಾಜರಿ ಕೂಗುವವಳು ಅವಳೊಬ್ಬಳೇ.

ಈ ಮಕ್ಕಳ ಬಾಯಲ್ಲಿ ಪದದ ತುದಿ ಉದುರಿಹೋಗುತ್ತದೆ.
ರೈಸ್ ಅಂದರೆ ರೈ. ಹೌಸ್ ಅಂದರೆ ಹೌ.
ಬಾಲ ಕಳಚಿಕೊಂಡ ಹಲ್ಲಿಗಳ ಹಾಗೆ
ಬೆಂಚಿನಡಿ ಓಡುತ್ತವೆ.
ಹ್ಮಾಂಗ್ ಹಳ್ಳಿಯ ಪಾಕೂಗೆ ಇದು ಮೂರನೆಯ ಭಾಷೆ:
ಒಲೆಯ ಮುಂದೆ ಒಂದು, ಬಾವುಟದ ಕೆಳಗೊಂದು,
ನನ್ನ ಪಿರಿಯಡ್ಡಿನಲ್ಲೊಂದು.
ಸ್ ಅನ್ನು, ಅಂದೆ. ಹಾವಾಗು.
ಸೈಕಲ್ ಟಯರಿನ ಗಾಳಿ ಬಿಡು. ಕಾದ ಕಾವಲಿಗೆ ನೀರು ಚಿಮುಕಿಸು.
ಜೂನಿನಿಂದ ನವೆಂಬರು.

ಡಿಸೆಂಬರಿನಲ್ಲಿ ಭಾಷಣ ಸ್ಪರ್ಧೆ.
ಅವಳೇ ಆರಿಸಿದ ವಿಷಯ:
ಗುರುವಂದನೆಯ ದಿನ ನಾವು ತರುವ ತಟ್ಟೆ.
ಅದರಲ್ಲಿ ಗರಿಕೆ, ಒಂದೆಡೆ ಊರಿದರೆ ಹಬ್ಬುವ ವಿದ್ಯೆಗೆ.
ಕೇಪಳ, ಮೊಗ್ಗಿನ ತುದಿಯಷ್ಟು ಚೂಪು ಬುದ್ಧಿಗೆ.
ಬದನೆ ಹೂವು,
ಕಾಯಿ ಕಟ್ಟುವ ಮುಂಚೆ ತಲೆ ತಗ್ಗಿಸುತ್ತದಲ್ಲ, ಅದಕ್ಕೆ.
ಅಂಗೈ ಜೋಡಿಸಿ ಶುರುಮಾಡಿದಳು:
"ವಿ ಬ್ರಿಂಗ್ ಪ್ಲವರ್ಸ್‌ಸ್‌ಸ್..."

ಫ್ಯಾನುಗಳ ಗದ್ದಲದ ಮೇಲೆಯೂ ಕೇಳಿಸಿತು ಆ ಸ್.
ಪೂರ್ತಿ ಬಾಲದ ಹಲ್ಲಿ!
ಎದ್ದು ನಿಲ್ಲುವುದರಲ್ಲಿದ್ದೆ,
ಆಗ ಮುಂದಿನ ತುದಿ ತಾಕಿತು.
ಪ್ಲವರ್ಸ್.
ಆ ಪ ನನ್ನದು.
ನಮ್ಮೂರಿನಲ್ಲಿ ಮೀನು ಪಿಶ್, ಬೆರಳು ಪಿಂಗರ್,
ಅಮ್ಮ ಸಾಯುವತನಕ ಪೋನು ಎತ್ತಿದಳೇ ಹೊರತು
ಫೋನು ಎತ್ತಲಿಲ್ಲ.
ಕಾಲೇಜಿನಲ್ಲೇ ತೊಳೆದುಹೋಯಿತು ಅಂದುಕೊಂಡಿದ್ದೆ.
ಗ್ಯಾರೆತನ ಮೂರನೆಯ ತರಗತಿಯಲ್ಲಿ,
ಊಟವಾದ ಮೇಲಿನ ನಿದ್ದೆಗಣ್ಣಿನಲ್ಲಿ, ಯಾವಾಗಲೋ ಜಾರಿರಬೇಕು.
ನಾನು ಕೊಡದೆ ಕೊಟ್ಟದ್ದನ್ನೂ
ಹುಡುಗಿ ಜೋಪಾನವಾಗಿ ತೆಗೆದಿಟ್ಟುಕೊಂಡಿದ್ದಾಳೆ.

ಬ್ಯಾಂಕಾಕಿನಿಂದ ಬಂದ ತೀರ್ಪುಗಾರ್ತಿ ಪ-ಗೆ ಎರಡು ಅಂಕ ಕಳೆದಳು.
ಸ್-ಗೆ ಏನೂ ಇಲ್ಲ.
ಇರಬೇಕಾದದ್ದು ಇರುವುದಕ್ಕೆ ಅಂಕವಿಲ್ಲವಂತೆ.

ವಾಪಸು ಬರುವಾಗ ವ್ಯಾನಿನಲ್ಲಿ
ಬಿದಿರ ಕೊಳವೆ ಸೀಳಿ ಅಂಟನ್ನ ತಿನ್ನುತ್ತ ಕೇಳಿದಳು:
ಟೀಚರ್, ಯಾವುದು ಸರಿ, ನಿಮ್ಮದಾ, ಪುಸ್ತಕದ್ದಾ?
ಪರೀಕ್ಷೆಗೆ ಪುಸ್ತಕದ್ದು, ಅಂದೆ.
ನಿಮ್ಮ ಅಮ್ಮನ ಹತ್ತಿರ?
ವ್ಯಾನು ಮೂರು ತಿರುವು ದಾಟಿತು.
ಅವಳು ನನ್ನ ಪಾಲಿನ ಅನ್ನ ಮುರಿದು ಕೈಗಿಟ್ಟಳು.

ಈಗ ರಾತ್ರಿ. ಕನ್ನಡಿಯ ಮುಂದೆ
ಕೆಳತುಟಿಯನ್ನು ಹಲ್ಲಿನಡಿ ಒತ್ತಿ ಗಾಳಿ ಬಿಡುತ್ತೇನೆ,
ಫ್. ಫ್. ಫ್ಲವರ್.
ಕನ್ನಡಿ ಮಂಜಾಗುತ್ತದೆ, ಒರೆಸುತ್ತೇನೆ.
ನಾಳೆ ಮೊದಲ ಪಿರಿಯಡ್ಡು ಅವರದೇ.
ಪಾಕೂ ಕೂರುವುದು ಮುಂದಿನ ಬೆಂಚು.