ಮಡಚು ಕುರ್ಚಿ

ಮಂತ್ರಿಗೊಂದು ಸೋಫಾ, ಆಕಾಶಕ್ಕೆ ಹೋಗಿ ಬಂದವನಿಗೊಂದು ಸೋಫಾ,
ನಡುವೆ ನನಗೊಂದು ಕಬ್ಬಿಣದ ಮಡಚು ಕುರ್ಚಿ.
ಊರಿಗಿನ್ನೂ ಗುಲಬರ್ಗಾ ಎಂದೇ ಹೆಸರಿದ್ದ ಕಾಲ.
ಹೆಣ್ಮಕ್ಕಳ ಕಾಲೇಜಿನ ಇಂಗ್ಲಿಷ್ ಟೀಚರು ತಯ್ಯಬಾ ಬಾನುವನ್ನು
ಜೀಪು ಕಳಿಸಿ ಕರೆಸಿಕೊಂಡಿದ್ದರು
ಪಾಠದ ನಡುವಿನಿಂದ, ಕೈಯ ಚಾಕ್‌ಪುಡಿ ಸಮೇತ.

ಭೂಮಿಯನ್ನು ಮೂವತ್ತೊಂದು ಸಲ ಸುತ್ತಿದವನಂತೆ.
ಆಳೆತ್ತರದವನೆಂದುಕೊಂಡಿದ್ದೆವು, ಗಿಡ್ಡ.
ಅಷ್ಟು ಸಣ್ಣ ಡಬ್ಬಿಯಲ್ಲಿ ಹಿಡಿಸಬೇಕಲ್ಲ ಎಂದು ತಾನೇ ನಕ್ಕ.
ಕೊರಳ ಸೇವಂತಿಗೆ ಸೀನು ಬಂದು ಬಂದು
ಕಣ್ಣು ಕೆಂಪಾಗಿ ನೀರಾಡುತ್ತಿದ್ದವು.
ಮರುದಿನದ ಪೇಪರು ಬರೆಯಿತು:
ಜನರ ಪ್ರೀತಿಗೆ ವ್ಯೋಮವೀರನ ಕಣ್ಣೀರು.

ದೇಗಲಮಡಿ ಸಾಹೇಬರು ಮುಂಜಾನೆಯಿಂದ
ಅವನ ಮೊಣಕೈ ಬಿಟ್ಟಿರಲಿಲ್ಲ.
ಕೋಟೆಯ ಉದ್ದ ತೋಪಿನ ಮುಂದೆ, ಅಪ್ಪನ ಕೆರೆಯ ದಂಡೆಯ ಮೇಲೆ,
ಎಲ್ಲ ಫೋಟೋದಲ್ಲೂ ಅದೇ ಕೈ, ಅದೇ ಮೊಣಕೈ;
ಬಿಟ್ಟರೆ ಮತ್ತೆ ಹಾರಿಬಿಡುವನೋ ಎಂಬಂತೆ.
ಎಲೆಕ್ಷನ್ನಿಗೆ ನಾಲ್ಕು ತಿಂಗಳಿತ್ತು.

ಸಂಜೆ ಪರೇಡ್ ಮೈದಾನ.
ಸೇಡಂ, ಚಿಂಚೋಳಿ ಕಡೆಯಿಂದ ಲಾರಿ ತುಂಬಿ ಬಂದ ಜನ
ಬುತ್ತಿ ಬಿಚ್ಚಿ ಕಟಿರೊಟ್ಟಿ ಮುರಿಯುತ್ತಿದ್ದರು.
ಸಾಹೇಬರು ಮೈಕನ್ನು ಅಂಗೈಯಲ್ಲಿ ಮುಚ್ಚಿ, ನನ್ನ ಕಿವಿಗೆ:
"ಟೀಚರಮ್ಮಾ, ಕೇಳ್ರಿ ಅವನ್ನ,
ಮ್ಯಾಲಿಂದ ನಮ್ಮ ಗುಲಬರ್ಗಾ ಹ್ಯಾಂಗ ಕಾಣ್ತು ಅಂತ.
ಕಾಣ್ತು ಅಂತನ ಹೇಳಲಿ."

ಕೇಳಿದೆ. ಕಡೆಯ ಮಾತೊಂದು ಬಿಟ್ಟು.

ಅವನು ತುಸು ಹೊತ್ತು ಬೂಟು ನೋಡಿಕೊಂಡ.
ಆಮೇಲೆ ವಿಧೇಯ ಹುಡುಗನ ಹಾಗೆ ನಿಜ ಹೇಳಿದ:
ನಿಮ್ಮ ದೇಶದ ಮೇಲೆ ಬಂದಾಗೆಲ್ಲ ರಾತ್ರಿಯಿತ್ತು.
ಸಮುದ್ರದ ಅಂಚಿಗೊಂದು ದೊಡ್ಡ ಪಟ್ಟಣ ಹೊಳೆಯುತ್ತಿತ್ತು.
ಅದರಿಂದೀಚೆ, ಬಹಳ ದೂರ, ಕತ್ತಲು.
ಇಲ್ಲಿ ಇಷ್ಟು ಜನ ಇದ್ದೀರೆಂದು
ಇವತ್ತೇ ಗೊತ್ತಾದದ್ದು ನನಗೆ.

ನನ್ನ ಉಸಿರು ಮೈಕಿನೊಳಗೆ ಹೋಗಿ
ಇಡೀ ಮೈದಾನಕ್ಕೆ ಬರ್ ಬರ್ ಎಂದು ಕೇಳುತ್ತಿತ್ತು.
ಮನೆಯದೊಂದು, ಬೀದಿಯದೊಂದು, ಸಂಬಳದ್ದೊಂದು,
ಮೂರು ಭಾಷೆ ಬಲ್ಲ ನಾಲಿಗೆ
ಒಂದರಲ್ಲೂ ಏಳಲಿಲ್ಲ.
ಮುಂದಿನ ಸಾಲಿನಲ್ಲಿ ಒಬ್ಬ ಮುದುಕಿ
ಮೊಮ್ಮಗನನ್ನು ಹೆಗಲಿಗೇರಿಸಿಕೊಂಡಿದ್ದಳು, ಅವನಿಗೆ ಕಾಣಲೆಂದು;
ತಾನು ಮಾತ್ರ ಎದುರಿನವನ ಬೆನ್ನು ನೋಡುತ್ತ.
ಅವಳಿಗೇ ಹೇಳಿದೆ:
"ಮ್ಯಾಲಿಂದ ನಮ್ಮೂರು
ಕಣ್ಣು ಮುಚ್ಚಿ ಮಲಗಿದ ಕೂಸಿನಂಗ ಕಾಣ್ತಂತ."

ಚಪ್ಪಾಳೆ, ಶಿಳ್ಳೆ, ಪೊಲೀಸ್ ಬ್ಯಾಂಡು.
ಅವನು ಬೆರಗಿನಿಂದ ನನ್ನತ್ತ ಬಾಗಿದ:
ಕತ್ತಲಿಗೆ ಇಷ್ಟು ಚಪ್ಪಾಳೆಯೆ?
ಅದನ್ನು ಯಾರಿಗೂ ಅನುವಾದಿಸಲಿಲ್ಲ ನಾನು.

ಸಾಹೇಬರು ಗೆದ್ದರು. ವರ್ಷದೊಳಗೆ ಚಿಂಚೋಳಿ ರಸ್ತೆಗುಂಟ
ಕರೆಂಟಿನ ಕಂಬ ಬಂದವು, ಅವರ ಊರಿನ ತನಕ.
ಮುಂದಿನ ಎರಡು ಹಳ್ಳಿಗೆ ತಂತಿ ಸಾಲಲಿಲ್ಲವಂತೆ.
ಐವಾನ್-ಎ-ಶಾಹಿಯ ಗೋಡೆಗೆ ಆ ದಿನದ ಫೋಟೋ ಬಹಳ ಕಾಲ ಇತ್ತು:
ಎರಡು ಸೋಫಾ, ಎರಡು ನಗು,
ನಡುವೆ ಮಡಚು ಕುರ್ಚಿಯ ಒಂದು ಕಾಲು.

ಫೋಟೋದಲ್ಲಿ ಇಲ್ಲದ್ದೂ ಒಂದಿದೆ.
ಅವತ್ತು ರಾತ್ರಿ, ಊಟ ಮುಗಿದ ಮೇಲೆ,
ವರಾಂಡದಲ್ಲಿ ಸಾಹೇಬರು ನನ್ನನ್ನು ನಿಲ್ಲಿಸಿ ಅಂದರು:
"ಹೈದರಾಬಾದಿನ್ಯಾಗ ವಕೀಲಿ ಓದಿದಾಂವ ನಾ, ಟೀಚರಮ್ಮಾ.
ಡಾರ್ಕ್ ಅಂದ್ರ ಏನಂತ ನನಗೂ ಗೊತ್ತದ."
ಬೈಯ್ಯುವರೆಂದು ಸೆರಗು ಬಿಗಿಹಿಡಿದೆ.
"ನಮ್ಮವ್ವ ಇನ್ನಾ ಕಂದೀಲಿನ್ಯಾಗ ಬ್ಯಾಳಿ ಆರಿಸ್ತಾಳ" ಎಂದರು,
ಮತ್ತೇನೋ ಹೇಳಲು ಬಾಯಿ ತೆರೆದರು.

ಆಗ ಕರೆಂಟು ಹೋಯಿತು.

ಶಹಾಬಾದ್ ಕಲ್ಲಿನ ಮೆಟ್ಟಿಲು, ಒಂದೂ ಕಾಣದು.
ಸಾಹೇಬರ ಕಾಲು ತಡವರಿಸಿದ ಸದ್ದು.
ಗಿಡ್ಡನವನು ಎಲ್ಲಿಂದಲೋ ಬಂದು, ಅವಸರವಿಲ್ಲದೆ,
ಅವರ ಮೊಣಕೈ ಹಿಡಿದುಕೊಂಡ.
ಐದು, ನಾಲ್ಕು, ಮೂರು...
ತನ್ನ ರೂಢಿಯಂತೆ ಹಿಂದಿನಿಂದ ಎಣಿಸುತ್ತ ಇಳಿಸಿದ.
ಪ್ರತಿ ಮೆಟ್ಟಿಲಿಗೂ ಸಾಹೇಬರು ಹೂಂ ಎಂದರು.
ಕೆಳಗೆ ಬಂದ ಮೇಲೂ ಇಬ್ಬರೂ ಕೈ ಬಿಡಲಿಲ್ಲ,
ಕರೆಂಟು ಬರುವ ತನಕ.