ಹನ್ನೊಂದು ಮೀಟರ್ ತಂತಿ

ಉಲಾನ್‌ಬಾತರಿನ ಟ್ರಾಲಿಬಸ್ ಡಿಪೋದಲ್ಲಿ ಹಗಲೆಲ್ಲ
ಆರುನೂರು ವೋಲ್ಟಿನ ಜೊತೆ ಗುದ್ದಾಡಿ ಬರುವ ನನಗೆ
ಐದೇ ವೋಲ್ಟಿನ ಈ ಎರಡು ಹಸುಳೆಗಳು
ಮೂರು ರಾತ್ರಿ ನಿದ್ದೆ ಕೊಡಲಿಲ್ಲ.

ಒಂದು ದಮ್ದಿನ್ ತಾತನ ಗೆರ್‌ನಲ್ಲಿ,
ಉಣ್ಣೆಕಂಬಳಿ ಹೊದ್ದ ಆ ದುಂಡುಮನೆಯ ಒಲೆಯ ಹಿಂದೆ,
ಇದ್ದಲಿನಿಂದೇಳುವ ವಾಸನೆಯಿಲ್ಲದ ವಿಷವನ್ನು
ಮೂಸುತ್ತಾ ಕೂತಿರಬೇಕು.
ಇನ್ನೊಂದು ನನ್ನ ತಲೆದಿಂಬಿನ ಪಕ್ಕ,
ಅದು ಹೇಳಿದ್ದನ್ನು ಕೇಳಿಸಿಕೊಂಡು ಕೂಗಬೇಕು.
ತಾತನಿಗೆ ಕಿವಿ ಮಂದ. ಗಂಟೆಯನ್ನು ಅವನಲ್ಲೇ ಕಟ್ಟಿದರೆ
ಕಿವುಡನ ಮುಂದೆ ಕಿನ್ನರಿ.
ಅದಕ್ಕೇ ಬೇಲಿಹಲಗೆಯ ಸಂದಿಯಲ್ಲಿ ತೂರಿಸಿದ
ಹನ್ನೊಂದು ಮೀಟರ್ ತಂತಿ.

ಮೊದಲ ರಾತ್ರಿ
ಟಿಎಕ್ಸ್‌ಗೆ ಟಿಎಕ್ಸ್, ಆರ್‌ಎಕ್ಸ್‌ಗೆ ಆರ್‌ಎಕ್ಸ್ ಜೋಡಿಸಿದೆ,
ಹೆಸರು ಒಂದೇ ಇದೆಯಲ್ಲ ಎಂದು.
ಬಾಯಿಗೆ ಬಾಯಿ, ಕಿವಿಗೆ ಕಿವಿ.
ಎರಡೂ ಹೇಳಿದ್ದೇ ಹೇಳಿದ್ದು, ಕೇಳಿದವರಿಲ್ಲ.
ಅಕ್ಕನ ಮಗಳು ತೆಮೂಲೆನ್, ಹದಿಮೂರು ವರ್ಷ,
ಹೋಂವರ್ಕಿನಿಂದ ತಲೆಯೂ ಎತ್ತದೆ:
"ಅಡ್ಡ ಹಾಕು ಚಿಕ್ಕಮ್ಮ, ಅಡ್ಡ."

ಅಡ್ಡ ಹಾಕಿದೆ. ಪರದೆಯ ಮೇಲೆ ಬಂದವು
ಚೌಕಗಳು, ತಲೆಕೆಳಗಾದ ಪ್ರಶ್ನೆಗಳು,
ಯಾವ ದೇಶದ್ದೂ ಅಲ್ಲದ ಅಕ್ಷರ.
ತಾತನ ಕಡೆಯದು ಸೆಕೆಂಡಿಗೆ ಒಂಬತ್ತು ಸಾವಿರದ ಆರುನೂರು ಮಿಡಿತ,
ನನ್ನದು ಅದರ ನಾಲ್ಕು ಪಟ್ಟು.
ನಿಧಾನದವನು ಒಂದು "ಹೂಂ" ಎಳೆಯುವಷ್ಟರಲ್ಲಿ
ಅವಸರದವನು ನಾಲ್ಕು ಸಲ ಇಣುಕಿ
ನಾಲ್ಕು ಮಾತೆಂದು ಬರೆದುಕೊಂಡಿದ್ದ.

ವೇಗ ಸರಿಯಾಯಿತು. ಕಸ ನಿಲ್ಲಲಿಲ್ಲ.
"ನೆಲ ಕೊಟ್ಟಿದ್ದೀಯಾ?" ಅಂದ ಡಿಪೋದ ಬತ್‌ಸುಖ್,
ಫೋನಿನಲ್ಲಿ, ಏನನ್ನೋ ಅಗಿಯುತ್ತಾ.
ನೆಲ!
ಹೊರಗೆ ಆಳುದ್ದ ಹೆಪ್ಪುಗಟ್ಟಿ
ಗುದ್ದಲಿಯನ್ನೇ ಬಗ್ಗಿಸುವ ನೆಲವಲ್ಲ;
ಇದರ ಸೊನ್ನೆ, ಅದರ ಸೊನ್ನೆ ಒಂದೇ ಎಂದು ಒಪ್ಪಿಸುವ
ಮೂರನೇ ಎಳೆ, ಕಪ್ಪನೆಯದು,
ತಾನಾಗಿ ಏನನ್ನೂ ಹೇಳದ್ದು,
ನಾನು ನಾಲ್ಕು ಕಾಸು ಉಳಿಸಲು ಬಿಟ್ಟದ್ದು.

ಮೂರನೇ ರಾತ್ರಿ ಎರಡೂವರೆಗೆ: ಏಳು.
ಮತ್ತೆ ಏಳು. ಆಮೇಲೆ ಆರು.
ತೆಮೂಲೆನ್‌ಳನ್ನು ಎಬ್ಬಿಸಿದೆ. ಬೈದು ಮಲಗಿದಳು.

ಆಗ ಹೊಳೆಯಿತು, ಹೆದರಿಕೆಯೂ ಆಯಿತು.
ಈ ತಂತಿಗೆ ಸುಮ್ಮನಿರುವುದೆಂದರೆ ಮಲಗುವುದಲ್ಲ,
ತುದಿಗಾಲಲ್ಲಿ ನಿಂತೇ ಇರುವುದು;
ಅದು ಕೆಳಗೆ ಕುಸಿದಾಗ ಮಾತು ಶುರು.
ತಾತ ಚೆನ್ನಾಗಿರುವ ಮೌನಕ್ಕೂ
ನಾಯಿ ತಂತಿ ಕಡಿದ ಮೌನಕ್ಕೂ
ನನ್ನ ಚಿಪ್ಪಿಗೆ ಭೇದ ತಿಳಿಯದು.
ಏನೂ ಇಲ್ಲದಿದ್ದರೂ ನಿಮಿಷಕ್ಕೊಂದು ಅಂಕಿ ಕಳಿಸು
ಎಂದು ಅದಕ್ಕೆ ಬರೆದೆ. ಇದಕ್ಕೆ:
ಮೂರು ನಿಮಿಷ ಬರದಿದ್ದರೆ ಕೂಗು.

ಜನವರಿಯ ಒಂದು ರಾತ್ರಿ ಕೂಗಿತು.
ಮೈನಸ್ ಮೂವತ್ತೊಂದು.
ಒಂದು ಕಾಲಿಗೆ ನನ್ನ ಬೂಟು, ಇನ್ನೊಂದಕ್ಕೆ ತೆಮೂಲೆನ್‌ಳದು,
ಬೇಲಿ ಹತ್ತಿ ಇಳಿದು, ಬಾಗಿಲು ಒದ್ದೆ.

ತಾತ ಎದ್ದೇ ಇದ್ದ. ಒಲೆ ತನ್ನ ಪಾಡಿಗೆ ಉರಿಯುತ್ತಿತ್ತು.
ಚಿಪ್ಪಿನ ಪ್ಲಗ್ಗು ಕಿತ್ತು ಅಲ್ಲಿ ರೇಡಿಯೋ ಸಿಕ್ಕಿಸಿ,
ಅದಕ್ಕೆ ಕಿವಿ ಒತ್ತಿ
ಹಳೆಯ ಕುಸ್ತಿಯೊಂದರ ವಿವರಣೆ ಕೇಳುತ್ತಿದ್ದ.
"ದಿನಾ ಕೆಂಪಗೆ ಮಿಣುಕುತ್ತೆ, ಪಾಪ,
ಯಾರಿಗೆ ಏನು ಹೇಳುತ್ತೋ" ಅಂದ.
ನನಗೆ, ಅಂದೆ. ಕೇಳಿಸಲಿಲ್ಲ.
ಕಿವಿಯ ಹತ್ತಿರ ಹೋಗಿ ಕಿರುಚಿದೆ: ನನಗೆ!
ಓಹೋ ಎಂದು ನಕ್ಕು
ಉಪ್ಪು ಬೆರೆಸಿದ ಹಾಲುಚಹಾ ಬಗ್ಗಿಸಿಕೊಟ್ಟ.

ನಾಳೆ ಡಿಪೋದಿಂದ ಎರಡು ಪ್ಲಗ್ಗು ಹಿಡಿಸುವ ಪೆಟ್ಟಿಗೆ ತರಬೇಕು.

ಮನೆಗೆ ಬಂದಾಗ ಪರದೆಯಲ್ಲಿ: ಆರು.
ಸಣ್ಣ ಬೂಟು ಕಾಲಿಗೆ ಕಚ್ಚಿಕೊಂಡಿತ್ತು,
ಎಳೆಯುತ್ತಿದ್ದೆ.
ಐದು.